ಅಂಟಿಕೊಂಡಿರತಕ್ಕದ್ದು

ಗುಂಡು ತಗುಲಿದ ಮೇಲೆ ಮೊದಲ ಕೆಲಸ
ಕತ್ತಿಯದಲ್ಲ, ಕಾಗದದ್ದು.
ಟ್ಯಾಗ್ ತೆಗಿ ಅಂದ ಅರ್ವಿಡ್.
ತಿಂಗಳಿಗೊಂದು ಕಚ್ಚು, ತಾರೀಕಿಗೊಂದು ಕಚ್ಚು.
ಪೆನ್ನಲ್ಲಿ ಗೀಚಿದರೆ ನಡೆಯುವುದಿಲ್ಲ,
ಚೂರು ಕತ್ತರಿಸಿ ಬೀಳಬೇಕು.

ಜುನಿಪರ್ ಬುಡದಲ್ಲಿ ಮಲಗಿತ್ತು ಜಿಂಕೆ.
ಹೇಸರಗತ್ತೆಯದಂಥ ಕಿವಿ,
ಒಂದರೊಳಗೆ ಆಗಲೇ ನಾಲ್ಕು ಹಿಮದ ಕಾಳು.
ಅವು ಕರಗುವುದನ್ನು ನೋಡುತ್ತ ಕೇಳಿದೆ:
ಇವತ್ತು ತಾರೀಕು ಎಷ್ಟು?

ಅವನು ಟೋಪಿ ತೆಗೆದ. ಮತ್ತೆ ಹಾಕಿಕೊಂಡ.
ಫೋನು ಎರಡನೇ ರಾತ್ರಿಯೇ ಸತ್ತಿತ್ತು,
ಗಡಿಯಾರ ಟ್ರಕ್ಕಿನಲ್ಲಿ, ಟ್ರಕ್ಕು ಹದಿನಾಲ್ಕು ಮೈಲಿ ಕೆಳಗೆ.
ಹದಿನೆಂಟರ ಸಂಜೆ ಹತ್ತಿದ್ದು, ಅಷ್ಟು ಖಾತ್ರಿ.
ಕೊನೆಗೆ ಕಸದ ಚೀಲ ಕೊಡವಿ
ಓಟ್ಸಿನ ಖಾಲಿ ಪೊಟ್ಟಣ ಎಣಿಸಿದೆವು.
ಬೆಳಗಿಗೆ ಇಬ್ಬರಿಗೆ ಎರಡು. ಇದ್ದದ್ದು ಹನ್ನೊಂದು.
ಹೊಟ್ಟೆ ಕೆಟ್ಟು ತಾನು ತಿನ್ನದೆ ಬಿಟ್ಟದ್ದು ಒಂದೇ ಬೆಳಗು
ಎಂದು ಅವನ ವಾದ. ಮೂರು ಎಂದು ನನ್ನ ಅನುಮಾನ.
ಎದುರಿಗೆ ಸತ್ತ ಪ್ರಾಣಿ, ಇಬ್ಬರೂ ಮಂಡಿಯೂರಿ
ಒಬ್ಬ ಮುದುಕನ ಭೇದಿಯ ಲೆಕ್ಕ ಹಾಕುತ್ತಿದ್ದೆವು.

ಇಪ್ಪತ್ತನಾಲ್ಕಕ್ಕೆ ಕತ್ತಿ ಇಟ್ಟೆ.

ಅರ್ವಿಡ್ ನನಗೆ ಏನಾಗಬೇಕು?
ಮಾಜಿ ಗಂಡನ ಸೋದರಮಾವ.
ಸಾಲ್ಮನ್ ಊರಿನ ಕೋರ್ಟು ನಾಲ್ಕು ವರ್ಷದ ಕೆಳಗೆ
ಮನೆ, ದೋಣಿ, ಎರಡು ನಾಯಿ ಹಂಚಿಕೊಟ್ಟಾಗ
ಇವನು ಯಾವ ಪಟ್ಟಿಯಲ್ಲೂ ಇರಲಿಲ್ಲ.
ಅಕ್ಟೋಬರ್ ಬಂತು. ಬಾಗಿಲಲ್ಲಿ ನಿಂತು ಕೇಳಿದ:
ಬೂಟಿಗೆ ಎಣ್ಣೆ ಹಚ್ಚಿದೆಯಾ?
ಅಷ್ಟೇ.

ಚರ್ಮ ಬಿಡಿಸುವಾಗ ಕೋರ್ಟಿನ ಗುಮಾಸ್ತನ ಹಾಗೆ
ಒಪ್ಪಿಸತೊಡಗಿದ:
ಹಿಂದೊಡೆ ಮೊಣಕೀಲಿನವರೆಗೆ, ಮುಂಗಾಲು ಮಂಡಿಯವರೆಗೆ,
ಬೆನ್ನಿನ ಪಟ್ಟಿ, ಒಳಗಿನ ಎಳೆ ಮಾಂಸ,
ಇಷ್ಟನ್ನೂ ಕೆಳಗಿಳಿಸತಕ್ಕದ್ದು.
ಕಾಡಿನಲ್ಲಿ ಕೊಳೆಯಲು ಬಿಟ್ಟರೆ ಅಪರಾಧ.
ಗಂಡೆಂಬ ಗುರುತು ತೊಡೆಯ ಮಾಂಸಕ್ಕೆ
ಸಹಜವಾಗಿ ಅಂಟಿಕೊಂಡಿರತಕ್ಕದ್ದು.

ಕಳಚಿ ಬಂದರೆ ದಾರದಲ್ಲಿ ಕಟ್ಟಬಹುದಾ ಅಂದೆ.
ಕಟ್ಟಿದ್ದು ಲೆಕ್ಕಕ್ಕಿಲ್ಲ ಅಂದ.

ನನ್ನ ಕತ್ತಿ ಅಲ್ಲಿ ಬಹಳ ನಿಧಾನವಾಯಿತು.

ಎಲ್ಲಕ್ಕಿಂತ ದೊಡ್ಡ ತುಂಡಿಗೆ ತಂತಿಯಲ್ಲಿ ಟ್ಯಾಗ್ ಬಿಗಿದು
ಕರಡಿಗೆ ಎಟುಕದಷ್ಟು ಎತ್ತರಕ್ಕೆ ಎಳೆದು ಕಟ್ಟಿದೆವು.
ಮರುದಿನ ಅರ್ಧ, ಅದರ ಮರುದಿನ ಇನ್ನರ್ಧ.
ಅವನಿಗೆ ಎಪ್ಪತ್ತೊಂದು, ಬಲಮಂಡಿಯಲ್ಲಿ ಸ್ಟೀಲು;
ಇಳಿಜಾರಿನಲ್ಲಿ ಹಿಂದುಹಿಂದಕ್ಕೆ ನಡೆಯುತ್ತಾನೆ,
ಹೊರೆ ಹೊತ್ತ ಏಡಿಯ ಹಾಗೆ,
ಕಾಲು ಜಾರಿದಾಗ ನಾರ್ವೇಜಿಯನ್ನಿನಲ್ಲಿ ಬೈಯುತ್ತಾನೆ,
ಅವನಿಗೆ ಬರುವ ನಾರ್ವೇಜಿಯನ್ ಅಷ್ಟೇ.
ಮಾಂಸ ಮೊದಲು, ಕೊಂಬು ಕೊನೆಗೆ.
ಇದು ಬರೆದ ಕಾನೂನಲ್ಲ, ಅರ್ವಿಡ್ಡನದು.

ತಪಾಸಣೆಯ ಕಟ್ಟೆಯಲ್ಲಿ ಮೈತೆ ಉರ್ರುತಿಯಾ,
ಯೂನಿಫಾರಂ ಮೇಲೆ ಅಜ್ಜಿ ಹೆಣೆದ ಮಫ್ಲರ್,
ತೊಡೆ ಹೊರಳಿಸಿ ನೋಡಿದಳು. ಇದೆ.
ಟ್ಯಾಗನ್ನು ಬೆಳಕಿಗೆ ಹಿಡಿದಳು,
ಎರಡು ತೂತಿನಿಂದ ಎರಡು ಚೂರು ಆಕಾಶ.
ಮೊನ್ನೆ ಶುಕ್ರವಾರ ಹೊಡೆದದ್ದಾ? ಇವತ್ತು ಭಾನುವಾರ, ಇಪ್ಪತ್ತಾರು.
ಅರ್ವಿಡ್ ನನ್ನತ್ತ ತಿರುಗಿ
ಒಂದು ಬೆರಳು ಎತ್ತಿ ತೋರಿಸಿದ: ಒಂದೇ ಬೆಳಗು!

ನೆಂಟರಾ ನೀವಿಬ್ಬರು? ಬರೆಯುತ್ತಲೇ ಕೇಳಿದಳು.
ಯಾವ ಕಾಲಮ್ಮಿಗೂ ಅಲ್ಲ, ಸುಮ್ಮನೆ.
ನಾನು ಬಾಯಿ ತೆರೆದೆ.
ಮಾಂಸ ಬಿಸಿಲಲ್ಲಿದೆ, ಬೇಗ ಮುಗಿಸಮ್ಮ, ಅಂದ ಅವನು
ತಾಡಪಾಲಿನ ಹಗ್ಗ ಮತ್ತೊಂದು ಸುತ್ತು ಬಿಗಿಯುತ್ತ.

ಆ ವಾರ ಕಣಿವೆ ಮುಚ್ಚುವಷ್ಟು ಹಿಮ ಬಿತ್ತು.
ಕೊಂಬು ಇನ್ನೂ ಮೇಲೆಯೇ ಇದೆ.
ಬೂಟಿಗೆ ಮಾತ್ರ ಈ ಸಲ ಬೇಗ ಎಣ್ಣೆ ಹಚ್ಚಿಟ್ಟಿದ್ದೇನೆ.